ದಿನದ ಬದುಕಿನಲ್ಲಿ ಕೃತಜ್ಞತೆ: ಶುರು ಮಾಡಿ ಅರ್ಧಕ್ಕೆ ಬಿಟ್ಟವರಿಗೆ ಸಮಗ್ರ ಮಾರ್ಗದರ್ಶಿ

ದಿನವೂ ಕೃತಜ್ಞತೆ ಬರೆಯಬೇಕು ಎಂದು ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತೀರ್ಮಾನ ಆಗುತ್ತದೆ. ಜನವರಿ 1ಕ್ಕೆ ಹೊಸ ಡೈರಿ ಬರುತ್ತದೆ. ಮೊದಲ ಪುಟದಲ್ಲಿ ‘ಆರೋಗ್ಯಕ್ಕಾಗಿ ಸ್ತೋತ್ರ, ಕುಟುಂಬಕ್ಕಾಗಿ ಸ್ತೋತ್ರ, ಆಹಾರಕ್ಕಾಗಿ ಸ್ತೋತ್ರ’ ಎಂದು ಬರೆಯುತ್ತೇವೆ. ಮರುದಿನವೂ ಅದೇ ಮೂರು. ಅದರ ಮರುದಿನವೂ ಅದೇ. ಸಂಕ್ರಾಂತಿ ದಾಟುವ ಹೊತ್ತಿಗೆ ಆ ಡೈರಿಯಲ್ಲಿ ಹಾಲಿನ ಲೆಕ್ಕ ಶುರುವಾಗಿರುತ್ತದೆ.

ಮನೆ ಕೂಟಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ‘ನನಗೆ ಕೃತಜ್ಞತೆ ಬರುವುದೇ ಇಲ್ಲ, ನನ್ನ ನಂಬಿಕೆಯೇ ಕಮ್ಮಿ ಇರಬೇಕು’ ಎಂದು ಜನ ಬೇಸರ ಮಾಡಿಕೊಳ್ಳುತ್ತಾರೆ. ಕೂತು ವಿಚಾರಿಸಿದರೆ ನಂಬಿಕೆಯಲ್ಲಿ ಏನೂ ಕೊರತೆ ಕಾಣುವುದಿಲ್ಲ. ಕ್ರಮ ತಪ್ಪಿರುತ್ತದೆ, ಅಷ್ಟೇ. ಎದೆಯಲ್ಲಿರುವ ನೋವನ್ನು ಹೇಳಿಕೊಳ್ಳುವ ಮೊದಲೇ ಸ್ತೋತ್ರ ಹೇಳಲು ಹೋಗಿರುತ್ತಾರೆ. ಇಲ್ಲವೇ ಪುಸ್ತಕದಲ್ಲಿ ಬರೆದು, ದೇವರಿಗೂ ಹೇಳದೆ, ಮನುಷ್ಯರಿಗೂ ಹೇಳದೆ ಮುಚ್ಚಿಟ್ಟಿರುತ್ತಾರೆ.

ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು ಪೌಲ ಥೆಸಲೊನೀಕದವರಿಗೆ ಬರೆದದ್ದು (1 ಥೆಸಲೊನೀಕ 5:18) ನಮಗೆಲ್ಲ ಬಾಯಿಪಾಠ. ನಲ್ಲಿಯಲ್ಲಿ ನೀರು ಬಾರದ ಮಂಗಳವಾರ ಬೆಳಿಗ್ಗೆ ಅದನ್ನು ಮಾಡುವುದು ಹೇಗೆ? ಕೆಳಗಿನ ಹಂತಗಳು ಅದಕ್ಕಾಗಿ. ಇವುಗಳ ಕ್ರಮ ಬದಲಿಸಬೇಡಿ. ಅದರಲ್ಲೂ ಎರಡನೇ ಹಂತವನ್ನು ಹಾರಿಸಬೇಡಿ. ಜಾಸ್ತಿ ಜನ ಎಡವುವುದು ಅಲ್ಲೇ.

## ಬೇಕಾದ ಸಾಮಾನು

ಒಂದು ಸಾದಾ ನೋಟ್‌ಬುಕ್, ಒಂದು ಪೆನ್, ಬೈಬಲ್. ದಿನಾಂಕ ಅಚ್ಚಾಗಿರುವ ಡೈರಿ ಬೇಡ. ನಾಲ್ಕು ದಿನ ತಪ್ಪಿದರೆ ಆ ಖಾಲಿ ಪುಟಗಳೇ ನಮ್ಮನ್ನು ಬೈಯುತ್ತವೆ, ಆಮೇಲೆ ತೆರೆಯುವ ಮನಸ್ಸೇ ಆಗುವುದಿಲ್ಲ.

ಬೈಬಲಿನಲ್ಲಿ ನಾಲ್ಕು ಕೀರ್ತನೆಗಳಿಗೆ ಕಾಗದದ ಗುರುತು ಇಟ್ಟುಕೊಳ್ಳಿ: 13, 88, 103, 136. ಕೆಲವು ಮುದ್ರಣಗಳಲ್ಲಿ ಅಂಕಿ ಒಂದು ಹಿಂದೆ ಮುಂದೆ ಇರಬಹುದು.

ಮೊಬೈಲ್ ಬೇಕಾಗಿರುವುದು ಅಲಾರಾಂಗೆ ಮಾತ್ರ. ಅದರಲ್ಲೇ ಬರೆಯುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಬರೆಯಲು ತೆಗೆದ ಫೋನಿನಲ್ಲಿ ಮೊದಲು ಕಾಣುವುದು ವಾಟ್ಸಾಪ್, ಅಲ್ವಾ?

## ಹಂತ 1: ಸಮಯ ಗೊತ್ತು ಮಾಡಿ

ಹೊಸ ಸಮಯ ಹುಡುಕಬೇಡಿ. ಈಗಾಗಲೇ ದಿನವೂ ಮಾಡುವ ಒಂದು ಕೆಲಸದ ಬೆನ್ನಿಗೆ ಇದನ್ನು ಕಟ್ಟಿ. ರಾತ್ರಿ ಅಡುಗೆಮನೆ ದೀಪ ಆರಿಸಿದ ಮೇಲೆ, ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಆಫೀಸ್ ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ. ಹತ್ತು ನಿಮಿಷ ಸಾಕು.

ಬೆಳಿಗ್ಗೆಯೋ ರಾತ್ರಿಯೋ? ಶುರುವಿನಲ್ಲಿ ರಾತ್ರಿಯೇ ಒಳ್ಳೆಯದು. ನೆನಪಿಸಿಕೊಳ್ಳಲು ಒಂದು ಇಡೀ ದಿನ ಎದುರಿಗೆ ಇರುತ್ತದೆ. ಜೆಸ್ವಿಟ್ ಸಂಸ್ಥೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ (1491–1556) ಕಲಿಸಿದ ಆತ್ಮಪರಿಶೋಧನೆಯಲ್ಲಿ ಐದು ಹೆಜ್ಜೆಗಳಿವೆ. ಮೊದಲನೆಯದೇ ಪಡೆದ ಉಪಕಾರಗಳಿಗಾಗಿ ದೇವರಿಗೆ ವಂದನೆ. ತಪ್ಪುಗಳ ಲೆಕ್ಕ ಬರುವುದು ಆಮೇಲೆ. ನಾವು ಸಾಮಾನ್ಯವಾಗಿ ತಿರುಗಾಮುರುಗಾ ಮಾಡುತ್ತೇವೆ. ಮಾಡಿದ ತಪ್ಪು, ಬೇಕಾದ ಬೇಡಿಕೆ ಎಲ್ಲ ಮುಗಿದು ನಿದ್ದೆ ಬರುವಾಗ ಕೊನೆಗೊಂದು ‘ಸ್ತೋತ್ರ, ಆಮೆನ್’.

ನಿದ್ದೆ ತೂಗುವವರು ಹಾಸಿಗೆಯ ಮೇಲೆ ಕೂರಬೇಡಿ. ಕುರ್ಚಿಯಲ್ಲಿ ಕೂರಿ.

## ಹಂತ 2: ಮೊದಲು ದೂರು ಹೇಳಿ

ಇದೇನು ವಿಚಿತ್ರ ಅನ್ನಿಸಬಹುದು. ಕೃತಜ್ಞತೆ ಕಲಿಯಲು ಬಂದವರಿಗೆ ದೂರು ಹೇಳಲು ಕಲಿಸುವುದೇ? ಹೌದು. ಮನಸ್ಸಿನಲ್ಲಿ ಸಿಟ್ಟು ಕುದಿಯುತ್ತಿರುವಾಗ ‘ಸ್ತೋತ್ರ ಕರ್ತನೇ’ ಎಂದರೆ ಆ ಮಾತು ತುಟಿ ದಾಟಿ ಒಳಗೆ ಇಳಿಯುವುದಿಲ್ಲ. ದಿನವೂ ಹಾಗೆ ಹೇಳುತ್ತಾ ಹೋದರೆ ಪ್ರಾರ್ಥನೆಯೇ ನಾಟಕ ಅನ್ನಿಸತೊಡಗುತ್ತದೆ. ತುಂಬ ಜನ ಪ್ರಾರ್ಥನೆ ಬಿಡುವುದು ಈ ಜಾಗದಲ್ಲಿ.

ಕೀರ್ತನೆ 13 ತೆರೆಯಿರಿ. ಆರೇ ವಚನ. ಎಷ್ಟರ ತನಕ, ಎಷ್ಟರ ತನಕ ಎಂದು ಕೀರ್ತನೆಕಾರ ಶುರುವಿನಲ್ಲೇ ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತೇಬಿಟ್ಟೆಯಾ ಎಂದು ದೇವರನ್ನೇ ಜಗ್ಗುತ್ತಾನೆ. ನಡುವೆ ಸಹಾಯ ಬೇಡುತ್ತಾನೆ. ಕೊನೆಯ ವಚನದಲ್ಲಿ ಮಾತ್ರ, ಕರ್ತನು ನನಗೆ ಉಪಕಾರ ಮಾಡಿದ್ದಾನೆ, ಹಾಡುತ್ತೇನೆ ಎನ್ನುತ್ತಾನೆ. ದೂರು, ಬೇಡಿಕೆ, ಹಾಡು. ಅದೇ ಕ್ರಮ ಇಟ್ಟುಕೊಳ್ಳಿ.

ಮಾಡುವುದು ಹೀಗೆ. ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಇವತ್ತು ಚುಚ್ಚಿದ್ದನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ. ಇದ್ದ ಹಾಗೆ ಬರೆಯಿರಿ. ‘ಅತ್ತೆ ಎಲ್ಲರ ಮುಂದೆ ಹಂಗಿಸಿದರು, ಉರಿಯುತ್ತಿದೆ.’ ‘ಮೂರನೇ ಇಂಟರ್‌ವ್ಯೂ ಕೂಡ ಹೋಯಿತು. ನಿನಗೆ ಕಾಣುವುದಿಲ್ಲವಾ ಕರ್ತನೇ?’ ಭಕ್ತಿಯ ಭಾಷೆ ಬೇಡ. ಬರೆದು ಅದನ್ನು ದೇವರಿಗೆ ಓದಿ ಹೇಳಿ.

ದೂರಿಗೂ ಗೊಣಗಾಟಕ್ಕೂ ವ್ಯತ್ಯಾಸ ಏನು ಎಂದು ಕೇಳುತ್ತಾರೆ. ಅರಣ್ಯಕಾಂಡ 11ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಗೊಣಗುತ್ತಾರೆ. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ನೆನಪಾಗುತ್ತದೆ. ಅಲ್ಲಿ ಪಟ್ಟ ಗುಲಾಮಗಿರಿ ಮಾತ್ರ ಮರೆತುಹೋಗಿದೆ. ತಮ್ಮ ಗುಡಾರಗಳ ಬಾಗಿಲಲ್ಲಿ ನಿಂತು ಅಳುತ್ತಾರೆ. ಕೀರ್ತನೆಕಾರನ ಬಾಯಲ್ಲೂ ಕಹಿಯೇ ಇದೆ, ಆದರೆ ಅವನು ದೇವರ ಮುಖ ನೋಡಿ ಹೇಳುತ್ತಾನೆ. ನಿಮ್ಮ ಮಾತು ಯಾರ ಕಡೆ ತಿರುಗಿದೆ ಎಂದು ನೋಡಿಕೊಂಡರೆ ಸಾಕು.

ಕೆಲವು ರಾತ್ರಿ ಎಡಪುಟ ತುಂಬಿ ಬಲಪುಟ ಖಾಲಿ ಉಳಿಯುತ್ತದೆ. ಉಳಿಯಲಿ. ಕೀರ್ತನೆ 88 ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಕೊನೆಗೆ ಸ್ತೋತ್ರದ ಒಂದು ಸಾಲೂ ಇಲ್ಲ. ಆದರೂ ಅದು ಬೈಬಲಿನಲ್ಲಿದೆ, ಪ್ರಾರ್ಥನೆಯಾಗಿಯೇ ಇದೆ. ಅಂಥ ದಿನ ಆ ಕೀರ್ತನೆ ಓದಿ ಮಲಗಿ.

## ಹಂತ 3: ಒಂದನ್ನೇ ಹಿಡಿಯಿರಿ, ವಿವರವಾಗಿ ಬರೆಯಿರಿ

ಈಗ ಬಲಗಡೆ ಪುಟ. ಹತ್ತು ವಿಷಯ ಬೇಡ, ಒಂದು ಸಾಕು. ಆದರೆ ಆ ಒಂದು ಇವತ್ತಿನದೇ ಆಗಿರಬೇಕು. ನಿನ್ನೆಯೂ ಬರೆಯಬಹುದಾಗಿದ್ದ ಸಾಲನ್ನು ಇವತ್ತು ಬರೆಯಬಾರದು.

‘ಆಹಾರಕ್ಕಾಗಿ ಸ್ತೋತ್ರ’ ಎಂಬುದನ್ನು ಹೊಡೆದುಹಾಕಿ. ಬದಲಿಗೆ: ‘ಅಡುಗೆ ಅರ್ಧದಲ್ಲಿ ಗ್ಯಾಸ್ ಖಾಲಿ ಆಯಿತು. ಎದುರುಮನೆಯವರು ಕೇಳುವ ಮೊದಲೇ ಸಿಲಿಂಡರ್ ಉರುಳಿಸಿಕೊಂಡು ಬಂದರು.’ ‘ಆರೋಗ್ಯಕ್ಕಾಗಿ ಸ್ತೋತ್ರ’ದ ಬದಲಿಗೆ: ‘ಅಪ್ಪ ಇವತ್ತು ಗೋಡೆ ಹಿಡಿಯದೆ ಬಾತ್‌ರೂಮಿಗೆ ಹೋಗಿಬಂದರು.’

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಏನು ಆಯಿತು? ಯಾರಿಂದ ಆಯಿತು? ಅವರಿಗೆ ಅದಕ್ಕೆ ಎಷ್ಟು ಕಷ್ಟವಾಯಿತು? ಅದು ಆಗದೇ ಇದ್ದಿದ್ದರೆ ನನ್ನ ದಿನ ಹೇಗಿರುತ್ತಿತ್ತು? ಮೂರನೇ ಪ್ರಶ್ನೆಗೆ ಉತ್ತರ ಹುಡುಕುವಾಗ ಸಾಮಾನ್ಯವಾಗಿ ಮನಸ್ಸು ಮೆತ್ತಗಾಗುತ್ತದೆ.

ಏನೂ ಸಿಗದಿದ್ದರೆ? ಬೆಳಿಗ್ಗೆ ಎದ್ದಾಗಿನಿಂದ ಗಂಟೆ ಗಂಟೆಯಾಗಿ ನೆನಪು ಮಾಡಿಕೊಳ್ಳಿ. ಹಾಲು ತಂದವರು ಯಾರು, ಬೀದಿ ಗುಡಿಸಿದವರು ಯಾರು, ಬಸ್ಸಿನಲ್ಲಿ ಚೀಲ ತೊಡೆಯ ಮೇಲೆ ಇಟ್ಟುಕೊಂಡವರು ಯಾರು. ಮಧ್ಯಾಹ್ನದ ತನಕ ಬರುವಷ್ಟರಲ್ಲಿ ಒಂದು ಸಿಗುತ್ತದೆ.

## ಹಂತ 4: ಬರೆದದ್ದನ್ನು ದೇವರಿಗೆ ಹೇಳಿ

ಬರೆದ ಮಾತ್ರಕ್ಕೆ ಪ್ರಾರ್ಥನೆ ಆಗುವುದಿಲ್ಲ. ನಂಬದವರೂ ಇಂಥ ಪಟ್ಟಿ ಬರೆಯುತ್ತಾರೆ, ಅವರಿಗೂ ಒಳ್ಳೆಯದೇ ಆಗುತ್ತದೆ. ನಮಗೆ ಇನ್ನೊಂದು ಹೆಜ್ಜೆ ಇದೆ. ಕೊಟ್ಟವನು ಇದ್ದಾನೆ, ಅವನಿಗೆ ಹೇಳಬೇಕು.

ಬರೆದ ವಾಕ್ಯವನ್ನು ‘ನೀನು’ ಹಾಕಿ ಬಾಯಿಬಿಟ್ಟು ಹೇಳಿ. ‘ಕರ್ತನೇ, ಅಪ್ಪನ ಕಾಲಿಗೆ ಇಷ್ಟು ಶಕ್ತಿ ಕೊಟ್ಟೆ. ನಿನಗೆ ವಂದನೆ.’ ಸಣ್ಣ ದನಿಯಲ್ಲಾದರೂ ಸರಿ, ಕಿವಿಗೆ ಕೇಳಬೇಕು.

ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ಹಿಂದಿರುಗಿ ಬಂದದ್ದು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿಗೆ ಸಂತೋಷ ಆಗಿರಲಿಲ್ಲ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಖಂಡಿತ ಆಗಿರುತ್ತದೆ. ಮನೆಗೆ ಓಡಿರುತ್ತಾರೆ. ನಾನಾಗಿದ್ದರೂ ಮೊದಲು ಮನೆಗೇ ಓಡುತ್ತಿದ್ದೆನೇನೋ. ಆದರೆ ಯೇಸು ಕೇಳಿದ್ದು ಅವರೆಲ್ಲಿ ಎಂದು. ಒಳಗೊಳಗೇ ಖುಷಿಪಟ್ಟು ಮುಂದೆ ಹೋಗುವುದು ನಮ್ಮ ದಿನನಿತ್ಯದ ಅಭ್ಯಾಸ. ಈ ಹಂತ ಇರುವುದು ನಡೆಯುತ್ತಿದ್ದವರು ನಿಂತು ತಿರುಗುವುದಕ್ಕೆ.

ಮಾತು ಬರದವರು ಕೀರ್ತನೆ 136ರ ಮಾದರಿ ಹಿಡಿಯಬಹುದು. ಅದರಲ್ಲಿ 26 ವಚನ. ಪ್ರತಿಯೊಂದಕ್ಕೂ ಆತನ ಕೃಪೆ ಶಾಶ್ವತ ಎಂಬ ಪಲ್ಲವಿ. ಆಕಾಶ, ಸೂರ್ಯ, ಕೆಂಪು ಸಮುದ್ರ, ಸೋತ ರಾಜರು ಎಲ್ಲ ಆದ ಮೇಲೆ ಕೊನೆಗೆ ಬರುವುದು ಊಟದ ವಿಷಯ, ಎಲ್ಲ ಜೀವಿಗಳಿಗೂ ಆಹಾರ ಕೊಡುತ್ತಾನೆ ಎಂದು. ನೀವೂ ನಿಮ್ಮ ದಿನದ ನಾಲ್ಕು ಸಾಲು ಬರೆದು ಪ್ರತಿ ಸಾಲಿಗೆ ಆ ಪಲ್ಲವಿ ಹಾಕಿ ಓದಿ. ಮಕ್ಕಳಿಗೆ ಇದು ತುಂಬ ಇಷ್ಟವಾಗುತ್ತದೆ.

## ಹಂತ 5: 24 ಗಂಟೆಯೊಳಗೆ ಮನುಷ್ಯರಿಗೂ ಹೇಳಿ

ಸಭೆಯಲ್ಲಿ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳುವವರು ಮನೆಗೆ ಬಂದು ಹೆಂಡತಿ ಕೊಟ್ಟ ಕಾಫಿ ಲೋಟವನ್ನು ತಲೆ ಎತ್ತದೆ ತೆಗೆದುಕೊಳ್ಳುತ್ತಾರೆ. ‘ಮನೆಯವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಾರಾ, ಅವರೇನು ಪರಕೀಯರಾ?’ ಎಂಬ ವಾದ ಸಿದ್ಧವಾಗಿಯೇ ಇರುತ್ತದೆ. ಆ ವಾದದಲ್ಲಿ ಸ್ವಲ್ಪ ಸತ್ಯ ಇದೆ. ನಮ್ಮ ಮನೆಗಳಲ್ಲಿ ಆ ಪದ ಒಣ ಒಣ ಅನ್ನಿಸುತ್ತದೆ. ಹಾಗಾದರೆ ಆ ಪದ ಬಿಡಿ. ಅವರು ಮಾಡಿದ್ದನ್ನೇ ಹೇಳಿ. ‘ನೀನು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಿಂದ ನನಗೆ ರಜೆ ಉಳಿಯಿತು.’ ‘ಸಾರು ಇವತ್ತು ಅಜ್ಜಿ ಮಾಡಿದ ಹಾಗೇ ಇತ್ತು.’ ಕೇಳುವವರ ಮುಖ ನೋಡಿ ಹೇಳಿದರೆ ಸಾಕು.

ಪೌಲನಿಂದ ಕಲಿಯುವುದಾದರೆ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಓದಿ. ನಾವು ಸಾಮಾನ್ಯವಾಗಿ ಬರೀ ಹೆಸರುಗಳು ಎಂದು ಹಾರಿಸುವ ಅಧ್ಯಾಯ ಅದು. ಪ್ರಿಸ್ಕ, ಅಕ್ವಿಲರ ಹೆಸರು ಹೇಳಿ, ಅವರು ನನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದರು, ಅವರಿಗೆ ನಾನು ಕೃತಜ್ಞ ಎನ್ನುತ್ತಾನೆ. ಯಾರು, ಏನು ಮಾಡಿದರು, ಎರಡೂ ಇದೆ. ನಿಮ್ಮ ವಾಟ್ಸಾಪ್ ಮೆಸೇಜಿನಲ್ಲೂ ಎರಡೂ ಇರಲಿ. ಕೈ ಮುಗಿದ ಚಿತ್ರ ಒಂದನ್ನೇ ಕಳಿಸಬೇಡಿ.

ಮನೆಗೆಲಸದವರು, ಪೌರಕಾರ್ಮಿಕರು, ಡೆಲಿವರಿ ಹುಡುಗರು, ವಾಚ್‌ಮನ್, ಇವರ ವಿಷಯದಲ್ಲಿ ಬಾಯಿಮಾತು ಸಾಲದು. ಸಂಬಳ ತಾರೀಕಿಗೆ ಸರಿಯಾಗಿ ಕೊಡಿ. ಬಿಸಿಲಲ್ಲಿ ಬಂದವರಿಗೆ ನೀರು ಕೊಡಿ, ಅದೂ ನೀವು ಕುಡಿಯುವ ಲೋಟದಲ್ಲೇ. ಬೇರೆ ಲೋಟ ಇಟ್ಟಿರುವ ಮನೆಯಲ್ಲಿ ಎಷ್ಟು ಸ್ತೋತ್ರ ಹಾಡಿದರೂ ನನಗೆ ಅದು ಕೃತಜ್ಞತೆ ಅನ್ನಿಸುವುದಿಲ್ಲ.

## ಹಂತ 6: ಊಟದ ಹೊತ್ತಿಗೆ ಮನೆಯವರನ್ನು ಸೇರಿಸಿ

ಊಟದ ಪ್ರಾರ್ಥನೆ ಈಗಾಗಲೇ ಇರುವ ಮನೆಗಳಲ್ಲಿ ಇದು ಸುಲಭ. ಪ್ರಾರ್ಥನೆ ಶುರು ಮಾಡುವ ಮೊದಲು ಒಬ್ಬರು ಮಾತ್ರ, ಒಂದೇ ಒಂದು ವಾಕ್ಯ ಹೇಳಲಿ. ಎಲ್ಲರೂ ದಿನವೂ ಹೇಳಬೇಕು ಎಂದರೆ ಅನ್ನ ಆರುತ್ತದೆ, ಮಕ್ಕಳು ಓಡುತ್ತಾರೆ. ಸರದಿ ಹಾಕಿಕೊಳ್ಳಿ. ಹದಿಹರೆಯದವರು ‘ಏನೂ ಇಲ್ಲ’ ಎಂದರೆ ಒತ್ತಾಯ ಬೇಡ, ಉಪದೇಶವಂತೂ ಬೇಡವೇ ಬೇಡ.

ಹಬ್ಬಗಳನ್ನು ಬಳಸಿಕೊಳ್ಳಿ. ಕರಾವಳಿಯ ಕಥೋಲಿಕರು ಮಾತೆ ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಚರ್ಚಿನಿಂದ ಆಶೀರ್ವಾದ ಮಾಡಿಸಿ ತಂದ ಹೊಸ ತೆನೆಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಆ ಕಾಳು ಲಕೋಟೆಯಲ್ಲಿ ಹೋಗುವುದೂ ಉಂಟು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸುಗ್ಗಿಯ ಆರಾಧನೆಗೆ ತೆಂಗಿನಕಾಯಿ, ಕುಂಬಳಕಾಯಿ, ಕೋಳಿ ತಂದು ಹರಾಜು ಹಾಕುತ್ತಾರೆ. ಮಕ್ಕಳಿಗೆ ಹರಾಜಿನ ಗಲಾಟೆ ಮಾತ್ರ ನೆನಪಿರುತ್ತದೆ. ಹಿಂದಿನ ದಿನ ಧರ್ಮೋಪದೇಶಕಾಂಡ 26ರ ಮೊದಲ 11 ವಚನ ಓದಿ ಹೇಳಿ. ಪ್ರಥಮಫಲದ ಬುಟ್ಟಿ ಇಡುವವನು ತನ್ನ ಹಿರಿಯರ ಕಷ್ಟದ ಕಥೆಯನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ದೇವಾಲಯದ ಸೇವೆಯ ಕುಲದವರಾದ ಲೇವಿಯರೊಂದಿಗೂ ಪರದೇಶಿಯೊಂದಿಗೂ ಸೇರಿ ಸಂಭ್ರಮಿಸಬೇಕು ಎಂದು ಅಲ್ಲಿದೆ. ನಿಮ್ಮ ತಾತ ಊರು ಬಿಟ್ಟು ಬಂದ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ.

## ಹಂತ 7: ಕೆಟ್ಟ ದಿನಗಳಲ್ಲಿ ಏನು ಮಾಡಬೇಕು

ಸಾವಿನ ಮನೆಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಕೆಲಸ ಹೋದ ದಿನ ಮೇಲಿನ ಹಂತಗಳನ್ನು ಹಾಗೇ ಮಾಡಲು ಹೋಗಬೇಡಿ.

ಯೋಹಾನ 11 ನೋಡಿ. ಲಾಜರನ ಸಮಾಧಿಯ ಹತ್ತಿರ ಯೇಸು ಮೊದಲು ಕಣ್ಣೀರು ಬಿಟ್ಟನು. ಅದು 35ನೇ ವಚನ. ತಂದೆಯೇ, ನಿನಗೆ ಸ್ತೋತ್ರ ಎಂದದ್ದು 41ನೇ ವಚನದಲ್ಲಿ. ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದವನೇ ಅತ್ತಿದ್ದಾನೆ. ಮುಂದೇನು ಎಂದು ಗೊತ್ತಿಲ್ಲದ ನಮಗೆ ಅಳಲು ಅಡ್ಡಿ ಏನು? ಪೌಲನೂ ಆಸ್ಯಸೀಮೆಯಲ್ಲಿ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಬಂದ ಸಂಕಟದಲ್ಲಿ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಕೊರಿಂಥದವರಿಗೆ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ (2 ಕೊರಿಂಥ 1:8).

ಕ್ಯಾನ್ಸರ್‌ಗಾಗಿ ಸ್ತೋತ್ರ ಹೇಳಬೇಕೇ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ನನ್ನ ಉತ್ತರ: ಬೇಡ. ಕೆಟ್ಟದ್ದನ್ನು ಕೆಟ್ಟದ್ದು ಎಂದೇ ಕರೆಯಿರಿ. ಆ ಕೆಟ್ಟದರ ನಡುವೆ ದೇವರು ಏನು ಕೊಡುತ್ತಿದ್ದಾನೆ ಎಂದು ಮಾತ್ರ ಹುಡುಕಿ. ಕೀಮೋ ದಿನ ಜೊತೆಗೆ ಕೂತ ತಂಗಿ, ಎರಡು ತುತ್ತು ಒಳಗೆ ನಿಂತದ್ದು, ರಕ್ತ ಕೊಡಲು ಬಂದ ಗುರುತಿಲ್ಲದ ಹುಡುಗ. ಹಬಕ್ಕೂಕ ತನ್ನ ಪುಸ್ತಕದ ಕೊನೆಯಲ್ಲಿ ಅಂಜೂರ ಇಲ್ಲ, ದ್ರಾಕ್ಷಿ ಇಲ್ಲ, ಹೊಲದಲ್ಲಿ ಬೆಳೆ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ ಎಂದು ಒಂದೊಂದಾಗಿ ಎಣಿಸುತ್ತಾನೆ. ಆದರೂ ಕರ್ತನಲ್ಲಿ ಉಲ್ಲಾಸಿಸುತ್ತೇನೆ ಎನ್ನುವುದು ಆ ಪಟ್ಟಿ ಮುಗಿದ ಮೇಲೆ. ಇಲ್ಲದ್ದನ್ನು ಇದೆ ಎಂದು ಅವನು ಹೇಳಲೇ ಇಲ್ಲ.

ಅನ್ಯಾಯ ಆದಾಗ? ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ, ಸೀಲ ಮಧ್ಯರಾತ್ರಿ ಹಾಡಿದ ಕಥೆ ಎಲ್ಲ ಪ್ರಸಂಗಗಳಲ್ಲೂ ಬರುತ್ತದೆ. ಬೆಳಿಗ್ಗೆ ನಡೆದದ್ದು ಅಷ್ಟಾಗಿ ಬರುವುದಿಲ್ಲ. ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟುಕಳಿಸಲು ನೋಡಿದಾಗ ಪೌಲ ಒಪ್ಪಲಿಲ್ಲ. ವಿಚಾರಣೆ ಇಲ್ಲದೆ ರೋಮ್ ಪ್ರಜೆಗಳಾದ ನಮ್ಮನ್ನು ಎಲ್ಲರ ಮುಂದೆ ಹೊಡೆಸಿದ್ದಾರೆ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ (ಅಪೊಸ್ತಲರ ಕೃತ್ಯಗಳು 16:37). ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ನ್ಯಾಯ ಕೇಳಿತು.

## ಎಚ್ಚರಿಕೆಯ ಗುರುತುಗಳು

ಹೋಲಿಕೆಯಿಂದ ಬರುವ ಸ್ತೋತ್ರ. ‘ಆ ಮನೆಯ ಮಗನ ಹಾಗೆ ನಮ್ಮವನು ಆಗಲಿಲ್ಲವಲ್ಲ, ದೇವರಿಗೆ ಸ್ತೋತ್ರ.’ ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಫರಿಸಾಯ (ಧರ್ಮನಿಯಮದಲ್ಲಿ ಕಟ್ಟುನಿಟ್ಟಾದ ಯೆಹೂದ್ಯ ಪಂಗಡದವನು) ಹೇಳಿದ್ದೂ ಕೃತಜ್ಞತೆಯ ಪ್ರಾರ್ಥನೆಯೇ. ಈ ಸುಂಕದವನ ಹಾಗೆ ನಾನಿಲ್ಲ, ನಿನಗೆ ಸ್ತೋತ್ರ ಎಂದ. ನೀತಿವಂತನೆನಿಸಿಕೊಂಡು ಮನೆಗೆ ಹೋದದ್ದು ಸುಂಕದವನು. ನಿಮ್ಮ ಪುಟದಲ್ಲಿ ಬೇರೆಯವರ ಸೋಲು ಕಾಣಿಸಿಕೊಂಡರೆ ಆ ಸಾಲು ಹೊಡೆದು ಇನ್ನೊಂದು ಬರೆಯಿರಿ.

ಅಡ್ವಾನ್ಸ್ ಕೊಟ್ಟ ಹಾಗೆ ಸ್ತೋತ್ರ. ಇಷ್ಟು ಸ್ತೋತ್ರ ಹೇಳಿದರೆ ಪ್ರಮೋಷನ್ ಬರುತ್ತದೆ, ಇಷ್ಟು ಕಾಣಿಕೆ ಹಾಕಿದರೆ ಸೈಟು ಸಿಗುತ್ತದೆ ಎಂಬ ಲೆಕ್ಕ ಒಳಗೆ ಬಂದರೆ ವ್ಯಾಪಾರ ಶುರುವಾಗಿದೆ ಎಂದು ತಿಳಿಯಿರಿ.

ಬೇರೆಯವರ ಬಾಯಿ ಮುಚ್ಚಿಸುವ ಸ್ತೋತ್ರ. ಮಗು ಕಳೆದುಕೊಂಡ ತಾಯಿಗೆ ‘ಇನ್ನೊಂದು ಮಗು ಇದೆಯಲ್ಲ, ಸ್ತೋತ್ರ ಹೇಳಿ’ ಎನ್ನುವವರು ನಮ್ಮಲ್ಲೇ ಇದ್ದಾರೆ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕೃತಜ್ಞತೆ ನೀವು ಮಾಡುವುದು, ಇನ್ನೊಬ್ಬರಿಗೆ ವಿಧಿಸುವುದಲ್ಲ.

ಹೊಡೆತ ಸಹಿಸಲು ಬಳಸುವ ಸ್ತೋತ್ರ. ಗಂಡ ಹೊಡೆಯುತ್ತಾನೆ, ಆದರೂ ಮನೆ ನಡೆಸುತ್ತಾನೆ, ಅದಕ್ಕೆ ಸ್ತೋತ್ರ ಹೇಳಿಕೊಂಡು ಇರು ಎಂದು ಯಾರಾದರೂ ಸಲಹೆ ಕೊಟ್ಟರೆ ಅದನ್ನು ಕೇಳಬೇಡಿ, ಹೇಳಿದವರು ಯಾರೇ ಆಗಿರಲಿ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.

ಯಾವುದೂ ರುಚಿಸದ ಸ್ಥಿತಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಸಂತೋಷ ಕಾಣದಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ ನೋಟ್‌ಬುಕ್ ಪಕ್ಕಕ್ಕಿಡಿ. ಅದು ಖಿನ್ನತೆ ಇರಬಹುದು. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಮ್ಮಿ ಆಯಿತು ಎಂದು ಅರ್ಥ ಅಲ್ಲ.

## ಹಂತ 8: ತಿಂಗಳಿಗೊಮ್ಮೆ ಹಿಂದೆ ತಿರುಗಿ ಓದಿ

ಮಿಚ್ಪೆಯ ಹತ್ತಿರ ಗೆದ್ದ ಮೇಲೆ ಸಮುವೇಲ ಒಂದು ಕಲ್ಲು ನಿಲ್ಲಿಸಿ ಎಬೆನೆಜೆರ್ (ಸಹಾಯದ ಕಲ್ಲು) ಎಂದು ಹೆಸರಿಟ್ಟ, ಇಲ್ಲಿಯ ತನಕ ಕರ್ತನು ಸಹಾಯ ಮಾಡಿದ್ದಾನೆ ಎಂದ (1 ಸಮುವೇಲ 7:12). ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಕೂತು ಎಡಬಲ ಎರಡೂ ಪುಟ ಓದಿ. ಮೂರು ವಾರದ ಹಿಂದಿನ ಯಾವುದೋ ದೂರು ಈಗ ತೀರಿರುತ್ತದೆ, ನೀವು ಗಮನಿಸಿಯೇ ಇರುವುದಿಲ್ಲ. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಹಾಕಿ. ತೀರದೆ ಉಳಿದಿರುವುದನ್ನು ಹೊಸ ತಿಂಗಳಿಗೆ ಎತ್ತಿ ಬರೆಯಿರಿ.

ಸ್ತೋತ್ರಕಾಣಿಕೆ ಕೊಡುವ ಮನಸ್ಸಿದ್ದರೆ ಇದೇ ದಿನ ತೀರ್ಮಾನ ಮಾಡಿ. ಬಲಪುಟದಲ್ಲಿ ಯಾರ ಹೆಸರು ಪದೇ ಪದೇ ಬಂದಿದೆ ನೋಡಿ. ಕಾಣಿಕೆಯ ಒಂದು ಪಾಲು ಆ ಕಡೆ ಹೋಗಬಹುದು: ಅವರ ಮಗುವಿನ ಸ್ಕೂಲ್ ಫೀಸಿಗೆ, ಔಷಧಿಗೆ.

## ದಿನ ತಪ್ಪಿದರೆ

ತಪ್ಪುತ್ತದೆ. ಊರಿಗೆ ಹೋಗುತ್ತೀರಿ, ಜ್ವರ ಬರುತ್ತದೆ, ಮದುವೆ ಮನೆ ಗಲಾಟೆ ಇರುತ್ತದೆ. ಹಿಂದಿನ ದಿನಗಳನ್ನು ತುಂಬಿಸಲು ಕೂರಬೇಡಿ. ಅದು ಸುಮ್ನೆ ಹೋಮ್‌ವರ್ಕ್ ಆಗುತ್ತದೆ. ಇವತ್ತಿನ ತಾರೀಕು ಹಾಕಿ, ಎಡಪುಟದಿಂದ ಶುರು ಮಾಡಿ. ಬರೆಯುವುದು ಏನೂ ತೋಚದಿದ್ದರೆ ಕೀರ್ತನೆ 103ರ ಮೊದಲ ಐದು ವಚನ ಜೋರಾಗಿ ಓದಿ, ದೀಪ ಆರಿಸಿ ಮಲಗಿ.